ಅಪ್ಪನ ನೋಟ್‌ಬುಕ್ಕಿನ ಬೆಲೆ, ಹರಾಜಿನ ಬೆಲೆ

ಪ್ರಶ್ನೆ: ನನ್ನ ತಂದೆ ಕಳೆದ ವರ್ಷ ತೀರಿಕೊಂಡರು. ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಅವರು ‘ಸೀಮಿತ ಆವೃತ್ತಿ’ಯ ಸಂಗ್ರಹ ವಸ್ತುಗಳನ್ನು ಕಂತಿನ ಲೆಕ್ಕದಲ್ಲಿ ತರಿಸಿಕೊಳ್ಳುತ್ತಿದ್ದರು. ಗೋಡೆಯ ತುಂಬ 33 ಪಿಂಗಾಣಿ ತಟ್ಟೆಗಳಿವೆ. ಮರದ ಪೆಟ್ಟಿಗೆಯಲ್ಲಿ 50 ಬೆಳ್ಳಿಯ ಪದಕಗಳು, ಬೀರುವಿನಲ್ಲಿ ಸೀಲು ಒಡೆಯದ ಗೊಂಬೆಗಳು, ಎರಡು ಚೀಲ ಬಟ್ಟೆಯ ಪ್ರಾಣಿಗಳು, ಒಂದು ಟ್ರಂಕಿನಷ್ಟು ಕಾಮಿಕ್ಸ್ ಪುಸ್ತಕಗಳು ಇವೆ. ತಟ್ಟೆಗಳಿಗೂ ಪದಕಗಳಿಗೂ ಕ್ರಮಸಂಖ್ಯೆ ಇದೆ, ಪ್ರಮಾಣಪತ್ರ ಇದೆ. ಪ್ರತಿಯೊಂದರ ‘ಈಗಿನ ಬೆಲೆ’ಯನ್ನು ಅಪ್ಪ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಅದರ ಒಟ್ಟು ಮೊತ್ತ ಅವರು ಬ್ಯಾಂಕಿನಲ್ಲಿ ಬಿಟ್ಟುಹೋದ ಠೇವಣಿಗೆ ಹೆಚ್ಚುಕಡಿಮೆ ಸಮನಾಗಿದೆ. ‘ಸಂಗ್ರಹವೆಲ್ಲ ನಿನಗಿರಲಿ, ಠೇವಣಿ ನನಗಿರಲಿ, ಲೆಕ್ಕ ಸಮ’ ಎಂದು ತಮ್ಮ ಹೇಳುತ್ತಿದ್ದಾನೆ. ಅವನಿಗೆ ಕೆಟ್ಟ ಉದ್ದೇಶವಿಲ್ಲ, ಅವನೂ ಆ ನೋಟ್‌ಬುಕ್ಕನ್ನು ನಂಬಿದ್ದಾನೆ. ಈ ನಡುವೆ ಕಂಪನಿಯವರು ಕರೆ ಮಾಡಿದ್ದರು. ತಟ್ಟೆಗಳ ಮಾಲೆಯಲ್ಲಿ ಇನ್ನು ಮೂರು ಬಾಕಿ ಇವೆಯಂತೆ, ಪೂರ್ತಿ ಮಾಡಿದರೆ ಬೆಲೆ ದುಪ್ಪಟ್ಟಾಗುತ್ತದಂತೆ. ನೋಟ್‌ಬುಕ್ಕನ್ನು ನಂಬಬಹುದೇ? ಆ ಮೂರನ್ನು ಕೊಳ್ಳಲೇ? ಅಪ್ಪ ಮಾಡಿದಂತೆ ನಾನೂ ಇದನ್ನೊಂದು ಉಳಿತಾಯವೆಂದು ಮುಂದುವರಿಸಲೇ?

ಉತ್ತರ: ತುರ್ತಿನ ಮಾತನ್ನು ಮೊದಲು ಹೇಳಿಬಿಡುತ್ತೇನೆ. ಪಾಲುಪತ್ರಕ್ಕೆ ಇನ್ನೂ ಸಹಿ ಹಾಕಿಲ್ಲದಿದ್ದರೆ ಹಾಕಬೇಡಿ. ಕಂಪನಿಯವರು ಮತ್ತೆ ಕರೆ ಮಾಡಿದರೆ ‘ಯೋಚಿಸಿ ಹೇಳುತ್ತೇನೆ’ ಎಂದು ಫೋನ್ ಇಟ್ಟುಬಿಡಿ. ಉಳಿದದ್ದನ್ನು ನಿಧಾನವಾಗಿ ನೋಡೋಣ.

ನೀವು ಕೇಳಿರುವುದು ಮೂರು ಪ್ರಶ್ನೆ. ಕೇಳದೆ ಬಿಟ್ಟಿರುವ ನಾಲ್ಕನೆಯದೊಂದು ಪತ್ರದ ಉದ್ದಕ್ಕೂ ಇದೆ: ಅಪ್ಪ ಮೋಸಹೋದರೇ? ಅದಕ್ಕೂ ಬರುತ್ತೇನೆ.

ತೀರಿಕೊಂಡವರ, ಮನೆ ಖಾಲಿ ಮಾಡುವವರ, ಪಾಲಾಗುವವರ ವಸ್ತುಗಳಿಗೆ ಬೆಲೆ ಕಟ್ಟುವುದು ನನ್ನ ವೃತ್ತಿ. ನಿಮ್ಮ ತಂದೆಯವರದಂಥ ನೋಟ್‌ಬುಕ್ಕುಗಳನ್ನು ಸಾಕಷ್ಟು ನೋಡಿದ್ದೇನೆ. ಒಪ್ಪವಾದ ಕೈಬರಹ, ಸ್ಕೇಲಿಟ್ಟು ಎಳೆದ ಗೆರೆ, ಒಂದೆರಡು ವರ್ಷಕ್ಕೊಮ್ಮೆ ಹಳೆಯ ಅಂಕಿಯನ್ನು ಹೊಡೆದು ಪಕ್ಕದಲ್ಲಿ ಬರೆದ ಹೊಸ ಅಂಕಿ. ಹೊಸ ಅಂಕಿ ಹಳೆಯದಕ್ಕಿಂತ ಕಡಿಮೆ ಇದ್ದದ್ದನ್ನು ಮಾತ್ರ ನಾನು ಯಾವ ಪುಟದಲ್ಲೂ ಕಂಡಿಲ್ಲ. ಚಿನ್ನ ಇಳಿಯುತ್ತದೆ, ಷೇರು ಇಳಿಯುತ್ತದೆ, ಭೂಮಿಯ ಬೆಲೆ ಕೂಡ ಕೆಲವು ಕಾಲ ನಿಂತಲ್ಲೇ ನಿಲ್ಲುತ್ತದೆ. ಏರಿಕೆಯನ್ನು ಮಾತ್ರ ಬಲ್ಲ ಪಟ್ಟಿ ಎದುರಾದಾಗ, ಈ ಅಂಕಿಗಳು ಎಲ್ಲಿಂದ ಬಂದವು ಎಂದು ಮೊದಲು ಕೇಳಬೇಕು.

ಬಹುಮಟ್ಟಿಗೆ ಅವು ಬಂದಿರುವುದು ಎರಡೇ ಕಡೆಯಿಂದ. ಒಂದು, ವಸ್ತುವನ್ನು ಮಾರಿದ ಕಂಪನಿಯದೇ ಅಥವಾ ಅದರ ಹತ್ತಿರದವರದೇ ಬೆಲೆಪಟ್ಟಿ. ಇನ್ನೊಂದು, ಆನ್‌ಲೈನ್ ಮಾರಾಟತಾಣಗಳಲ್ಲಿ ಯಾರೋ ಕೇಳುತ್ತಿರುವ ಬೆಲೆ. ಕೇಳುವುದಕ್ಕೆ ಯಾರಪ್ಪನ ಅಡ್ಡಿಯೂ ಇಲ್ಲ. ನಾನು ನನ್ನ ಹಳೆಯ ಚಪ್ಪಲಿಗೆ ಹತ್ತು ಸಾವಿರ ಕೇಳಬಹುದು, ಅದು ವರ್ಷಗಟ್ಟಲೆ ಹಾಗೆಯೇ ಪರದೆಯ ಮೇಲೆ ಕುಳಿತಿರಬಹುದು. ಅದನ್ನು ನೋಡಿದವನೊಬ್ಬ ತನ್ನ ಚಪ್ಪಲಿಗೂ ಹತ್ತು ಸಾವಿರ ಎಂದು ಬರೆದುಕೊಂಡರೆ ಅದಕ್ಕೆ ನಾನೇನು ಮಾಡಲಿ! ನಮ್ಮ ಕಸುಬಿನಲ್ಲಿ ಲೆಕ್ಕಕ್ಕೆ ಬರುವುದು ಮುಗಿದ ಮಾರಾಟದ ಬೆಲೆ ಒಂದೇ. ದೊಡ್ಡ ಮಾರಾಟತಾಣಗಳಲ್ಲಿ ‘ಮಾರಾಟವಾದವು’ ಎಂದು ಶೋಧಿಸಿ ನೋಡುವ ಸೌಲಭ್ಯ ಇರುತ್ತದೆ. ನಿಮ್ಮ ತಟ್ಟೆಯ ಹೆಸರನ್ನು ಅಲ್ಲಿ ಹಾಕಿ ನೋಡಿ. ಕೇಳುವ ಬೆಲೆಗೂ ಕೊಟ್ಟ ಬೆಲೆಗೂ ಇರುವ ದೂರ ಒಂದೇ ಸಂಜೆಯಲ್ಲಿ ಗೊತ್ತಾಗುತ್ತದೆ.

ವಿಮೆಯ ಬೆಲೆ ಎಂಬ ಮೂರನೆಯದೊಂದಿದೆ. ವಸ್ತು ಒಡೆದರೆ ಅದೇ ಬಗೆಯ ಹೊಸದನ್ನು ಅಂಗಡಿಯಿಂದ ತರಲು ಎಷ್ಟಾಗುತ್ತದೆ ಎನ್ನುವುದು ಆ ಲೆಕ್ಕ. ಅದು ಸಹಜವಾಗಿಯೇ ಎತ್ತರದಲ್ಲಿರುತ್ತದೆ. ವಿಮೆಗೆಂದು ಮಾಡಿಸಿದ ಮೌಲ್ಯಮಾಪನವನ್ನು ಪಾಲುಪಟ್ಟಿಗೆ ತಂದು ಜಗಳವಾಡಿದ ಕುಟುಂಬಗಳನ್ನು ನೋಡಿದ್ದೇನೆ. ಪಾಲಿಗೆ ಬೇಕಾದದ್ದು, ಕೊಳ್ಳಲೇಬೇಕಾದ ಅವಸರವಿಲ್ಲದವನು ಮಾರಲೇಬೇಕಾದ ಅವಸರವಿಲ್ಲದವನಿಗೆ ಇಂದು ಎಷ್ಟು ಕೊಡುತ್ತಾನೆ ಎಂಬ ಬೆಲೆ.

ಇನ್ನು ‘ಸೀಮಿತ ಆವೃತ್ತಿ’ಯ ವಿಚಾರ. ಇಡೀ ಉದ್ಯಮ ನಿಂತಿರುವುದೇ ಈ ಎರಡು ಪದಗಳ ಮೇಲೆ, ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಹಳೆಯ ವಸ್ತುಗಳು ಕೋಟಿಗಟ್ಟಲೆ ಬಾಳುವ ಸುದ್ದಿ ನಮ್ಮ ಕಿವಿಗೆ ಬೀಳುತ್ತಲೇ ಇರುತ್ತದೆ. 1938ರಲ್ಲಿ ಅಮೆರಿಕದಲ್ಲಿ ಹತ್ತು ಸೆಂಟಿಗೆ ಮಾರಾಟವಾದ, ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ ಕಾಮಿಕ್ಸ್ ಸಂಚಿಕೆಯ ಒಂದು ಪ್ರತಿ 2024ರಲ್ಲಿ 60 ಲಕ್ಷ ಡಾಲರಿಗೆ ಹೋಯಿತು. ಮಿಕಿ ಮ್ಯಾಂಟಲ್ ಎಂಬ ಬೇಸ್‌ಬಾಲ್ ಆಟಗಾರನ 1952ರ ಒಂದು ಕಾರ್ಡಿಗೆ 2022ರಲ್ಲಿ 1.26 ಕೋಟಿ ಡಾಲರ್ ಸಿಕ್ಕಿತು. ಇಂಥ ಸುದ್ದಿ ಕೇಳಿದಾಗ ‘ಹಳೆಯದಾದರೆ ಬೆಲೆ ಬರುತ್ತದೆ’ ಎಂದೋ ‘ಕಡಿಮೆ ಮುದ್ರಿಸಿದ್ದರಿಂದ ಬೆಲೆ ಬಂತು’ ಎಂದೋ ಅಂದುಕೊಳ್ಳುತ್ತೇವೆ. ನಡೆದದ್ದು ಬೇರೆ. ಆ ಕಾಮಿಕ್ಸ್ ಕಡಿಮೆಯೇನೂ ಅಚ್ಚಾಗಿರಲಿಲ್ಲ, ಸುಮಾರು ಎರಡು ಲಕ್ಷ ಪ್ರತಿಗಳು ಬಂದಿದ್ದವು. ಮಕ್ಕಳು ಓದಿದರು, ಹರಿದರು, ಮಳೆಯಲ್ಲಿ ನೆನೆಸಿದರು, ಎರಡನೆಯ ಮಹಾಯುದ್ಧದ ಕಾಲದಲ್ಲಿ ಹಳೆಯ ಕಾಗದ ಒಟ್ಟುಗೂಡಿಸುವವರಿಗೆ ತಾಯಂದಿರು ಕಟ್ಟುಕಟ್ಟಾಗಿ ಕೊಟ್ಟರು. ಇಂದು ಗೊತ್ತಿರುವಂತೆ ಉಳಿದಿರುವವು ನೂರರ ಆಸುಪಾಸು. ಆ ಬೇಸ್‌ಬಾಲ್ ಕಾರ್ಡುಗಳ ಕತೆ ಇನ್ನೂ ವಿಚಿತ್ರ. ಮಾರಾಟವಾಗದೆ ಗೋದಾಮಿನಲ್ಲಿ ಕೊಳೆಯುತ್ತಿದ್ದ ಪೆಟ್ಟಿಗೆಗಳನ್ನು 1960ರ ಸುಮಾರಿಗೆ ದೋಣಿಯಲ್ಲಿ ಒಯ್ದು ಸಮುದ್ರಕ್ಕೆ ಸುರಿದೆವು ಎಂದು ಅವನ್ನು ತಯಾರಿಸಿದ ಕಂಪನಿಯವರೇ ಮುಂದೆ ಹೇಳಿಕೊಂಡರು.

ಅಂದರೆ, ಅವುಗಳಿಗೆ ಬೆಲೆ ಬಂದದ್ದು ಯಾರಿಗೂ ಬೇಡವಾಗಿ ಹಾಳಾದ ಕಾರಣಕ್ಕೆ. ಈಗ ನಿಮ್ಮ ತಂದೆಯವರ ತಟ್ಟೆಯನ್ನು ನೋಡಿ. ಅದು ತಯಾರಾದದ್ದೇ ಜೋಪಾನ ಮಾಡುವುದಕ್ಕೆ. ಕೊಂಡವರೆಲ್ಲ ಜೋಪಾನ ಮಾಡಿದ್ದಾರೆ, ಪ್ರಮಾಣಪತ್ರವನ್ನು ಪ್ಲಾಸ್ಟಿಕ್ ಹೊದಿಕೆಯಲ್ಲಿಟ್ಟಿದ್ದಾರೆ, ಬಂದ ರಟ್ಟಿನ ಪೆಟ್ಟಿಗೆಯನ್ನೂ ಎಸೆದಿಲ್ಲ. ಹಾಗಾಗಿ ಹತ್ತು ಸಾವಿರ ತಟ್ಟೆ ಮಾಡಿದ್ದರೆ ಇಪ್ಪತ್ತು ವರ್ಷದ ನಂತರ ಹತ್ತಿರ ಹತ್ತಿರ ಹತ್ತು ಸಾವಿರವೇ ಉಳಿದಿರುತ್ತವೆ. ಅವನ್ನು ಕೊಂಡವರೆಲ್ಲ ಹೆಚ್ಚುಕಡಿಮೆ ಒಂದೇ ವಯಸ್ಸಿನವರು. ಅವರ ಮಕ್ಕಳು ಅವನ್ನು ಮಾರಲು ಹೊರಡುವುದೂ ಒಂದೇ ಕಾಲದಲ್ಲಿ. ನನ್ನ ಮೇಜಿಗೆ ವರ್ಷವರ್ಷವೂ ಹೆಚ್ಚು ತಟ್ಟೆಗಳು ಬರುತ್ತಿವೆ, ತಟ್ಟೆ ಬೇಕು ಎಂದು ಬರುವವರು ಕಡಿಮೆಯಾಗುತ್ತಿದ್ದಾರೆ.

ಸೀಮಿತ ಎಂಬ ಪದದ ಸೀಮೆಯನ್ನೂ ಸ್ವಲ್ಪ ಓದಿ ನೋಡಬೇಕು. ಡೆನ್ಮಾರ್ಕಿನ ಬಿಂಗ್ ಅಂಡ್ ಗ್ರೊಂಡಾಲ್ ಕಂಪನಿ 1895ರಲ್ಲಿ ಮೊದಲ ಕ್ರಿಸ್‌ಮಸ್ ತಟ್ಟೆಯನ್ನು ತಂದಾಗ ಮಾಡಿದ್ದು ಕೆಲವೇ ನೂರು. ವರ್ಷದ ಕೊನೆಗೆ ಅಚ್ಚನ್ನೇ ಒಡೆಯುವುದು ಅಲ್ಲಿನ ರೂಢಿಯಾಯಿತು. ಆ ತಟ್ಟೆಗೆ ಇಂದಿಗೂ ಒಳ್ಳೆಯ ಬೆಲೆ ಇದೆ. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಅಂಚೆಯ ಮೂಲಕ ಮಾರಿದ ಎಷ್ಟೋ ತಟ್ಟೆಗಳ ಹಿಂಭಾಗದಲ್ಲಿ ಬೇರೆಯದೇ ಸಾಲು ಇರುತ್ತದೆ: ‘ಈ ಆವೃತ್ತಿ 150 ಸುಡುವ ದಿನಗಳಿಗೆ ಸೀಮಿತ’ ಎಂದೋ ಅದರ ಹಾಗೆ ಮತ್ತೇನನ್ನೋ ಬರೆದಿರುತ್ತಾರೆ. ಸುಡುವ ದಿನ ಎಂದರೆ ಕುಲುಮೆ ಉರಿಯುವ ದಿನ. ಒಂದು ದಿನಕ್ಕೆ ಎಷ್ಟು ತಟ್ಟೆ ಸುಡುತ್ತಾರೆ ಎಂದು ಎಲ್ಲೂ ಹೇಳಿರುವುದಿಲ್ಲ. ಬೇಡಿಕೆ ಎಷ್ಟಿದೆಯೋ ಅಷ್ಟನ್ನು 150 ದಿನದಲ್ಲಿ ಆರಾಮವಾಗಿ ಸುಡಬಹುದು. ಸುಳ್ಳು ಒಂದೂ ಇಲ್ಲ, ಸೀಮೆಯೂ ಇಲ್ಲ! ನಿಮ್ಮ 33 ತಟ್ಟೆಗಳನ್ನು ಗೋಡೆಯಿಂದ ಇಳಿಸಿ ಹಿಂಭಾಗ ಓದಿ. ಕ್ರಮಸಂಖ್ಯೆ ಇದ್ದು ಒಟ್ಟು ಸಂಖ್ಯೆ ಇಲ್ಲದಿದ್ದರೆ ನಿಮಗೆ ಸಿಕ್ಕಿರುವುದು ಸರದಿಯ ಚೀಟಿ ಅಷ್ಟೇ.

ಇದು ನಮ್ಮ ಕಾಲದ ಉಪಾಯ ಎಂದುಕೊಳ್ಳಬೇಡಿ. 1889ರಲ್ಲಿ ನಿಕೊಲಸ್ ಸೀಬೆಕ್ ಎಂಬಾತ ಮಧ್ಯ ಅಮೆರಿಕದ ಕೆಲವು ದೇಶಗಳ ಜೊತೆ ಒಪ್ಪಂದ ಮಾಡಿಕೊಂಡ. ಪ್ರತಿ ವರ್ಷ ಹೊಸ ಅಂಚೆಚೀಟಿಗಳನ್ನು ಪುಕ್ಕಟೆಯಾಗಿ ಅಚ್ಚು ಹಾಕಿ ಕೊಡುತ್ತೇನೆ. ವರ್ಷ ಮುಗಿದ ಮೇಲೆ ಅವು ರದ್ದಾಗಬೇಕು, ಉಳಿದದ್ದೂ ಮರುಮುದ್ರಣದ ಹಕ್ಕೂ ನನಗಿರಬೇಕು ಎನ್ನುವುದು ಅದರ ಸಾರ. ಚೀಟಿಗಳು ಪತ್ರಕ್ಕೆ ಅಂಟುವುದಕ್ಕಿಂತ ಆಲ್ಬಮ್‌ಗಳಿಗೆ ಅಂಟಲೆಂದೇ ಅಚ್ಚಾಗತೊಡಗಿದವು. ಸಂಗ್ರಾಹಕರಿಗೆ ಎಷ್ಟು ಸಿಟ್ಟು ಬಂತೆಂದರೆ, 1895ರಲ್ಲಿ ಲಂಡನ್ನಿನಲ್ಲಿ ‘ಸಟ್ಟಾ ಅಂಚೆಚೀಟಿಗಳ ದಮನ ಸಂಘ’ ಎಂದೇ ಒಂದು ಸಂಘ ಕಟ್ಟಿದರು. ಆ ಚೀಟಿಗಳು ಈಗ 130 ವರ್ಷ ಹಳೆಯವು. ಅವುಗಳಲ್ಲಿ ಹೆಚ್ಚಿನವು ಇಂದಿಗೂ ಚಿಲ್ಲರೆ ಕಾಸಿಗೆ ಸಿಗುತ್ತವೆ. ಬರೀ ವಯಸ್ಸಿನಿಂದ ಬೆಲೆ ಬರುವುದಾಗಿದ್ದರೆ ಅವಕ್ಕೆ ಬರಬೇಕಿತ್ತು. ಜಗತ್ತಿನ ಮೊದಲ ಅಂಚೆಚೀಟಿಯಾದ 1840ರ ‘ಪೆನ್ನಿ ಬ್ಲ್ಯಾಕ್’ ಕೂಡ 6.8 ಕೋಟಿಯಷ್ಟು ಅಚ್ಚಾದದ್ದರಿಂದ, ಸಾಧಾರಣ ಸ್ಥಿತಿಯ ಪ್ರತಿಯನ್ನು ಇಂದಿಗೂ ಮಧ್ಯಮ ವರ್ಗದ ಸಂಗ್ರಾಹಕ ಕೊಳ್ಳಬಲ್ಲ.

ನಿಮ್ಮ ಟ್ರಂಕಿನ ಕಾಮಿಕ್ಸಿಗೂ ಚೀಲದ ಬಟ್ಟೆಯ ಪ್ರಾಣಿಗಳಿಗೂ ಇದೇ ಕತೆ ಅನ್ವಯಿಸುತ್ತದೆ. 1938ರ ಸಂಚಿಕೆಗಳು ಚಿನ್ನವಾದ ಸುದ್ದಿ ಹರಡಿದ ಮೇಲೆ ಎಲ್ಲರೂ ಕಾಮಿಕ್ಸ್ ಕೂಡಿಡತೊಡಗಿದರು. 1991ರಲ್ಲಿ ಮಾರ್ವೆಲ್ ಕಂಪನಿ ‘ಎಕ್ಸ್-ಮೆನ್’ನ ಹೊಸ ಮೊದಲ ಸಂಚಿಕೆಯನ್ನು ಐದು ಬೇರೆ ಬೇರೆ ಮುಖಪುಟಗಳಲ್ಲಿ ತಂದಿತು. ಅಂಗಡಿಗಳು ತರಿಸಿಕೊಂಡದ್ದು 80 ಲಕ್ಷಕ್ಕೂ ಹೆಚ್ಚು ಪ್ರತಿ. ಐದೂ ಮುಖಪುಟ ಬೇಕೆಂದು ಒಬ್ಬನೇ ಐದು ಕೊಂಡ, ಓದದೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ. ಮೂವತ್ತು ವರ್ಷ ದಾಟಿದ ಮೇಲೂ ಆ ಸಂಚಿಕೆ ಕೆಲವೇ ಡಾಲರಿಗೆ ಸಿಗುತ್ತದೆ. ಸಟ್ಟಾದವರು ಹಿಂದೆ ಸರಿದಾಗ ಅಂಗಡಿಗಳು ಸಾಲಾಗಿ ಮುಚ್ಚಿದವು, 1996ರ ಕೊನೆಯಲ್ಲಿ ಮಾರ್ವೆಲ್ ಕಂಪನಿಯೇ ದಿವಾಳಿ ಅರ್ಜಿ ಹಾಕಿತು.

ಬೀನಿ ಬೇಬಿ ಎಂಬ ಬಟ್ಟೆಯ ಪ್ರಾಣಿಗಳನ್ನು ಟೈ ಎಂಬ ಕಂಪನಿ 1993ರಲ್ಲಿ ಪರಿಚಯಿಸಿತು. ದೊಡ್ಡ ಮಳಿಗೆಗಳಿಗೆ ಕೊಡದೆ ಸಣ್ಣ ಅಂಗಡಿಗಳಿಗೆ ಮಾತ್ರ, ಅದೂ ಎಣಿಸಿ ಕೊಡುವುದು; ಆಗೀಗ ಒಂದೊಂದು ಪ್ರಾಣಿಯನ್ನು ‘ನಿವೃತ್ತ’ ಎಂದು ಸಾರುವುದು. ಇಷ್ಟೇ ಸಾಕಾಯಿತು. ಜನ ಕಿವಿಯಲ್ಲಿನ ಕಾಗದದ ಪಟ್ಟಿ ಮಡಚದಂತೆ ಅದಕ್ಕೊಂದು ಪ್ಲಾಸ್ಟಿಕ್ ಕವಚ ಹಾಕಿದರು. 1999ರಲ್ಲಿ ಲಾಸ್ ವೇಗಸ್ಸಿನ ನ್ಯಾಯಾಲಯವೊಂದರಲ್ಲಿ ವಿಚ್ಛೇದನ ಪಡೆದ ದಂಪತಿ ನೆಲದ ಮೇಲೆ ಕುಕ್ಕರುಗಾಲಲ್ಲಿ ಕುಳಿತು ಇವನ್ನು ನಿನಗೊಂದು ನನಗೊಂದು ಎಂದು ಹಂಚಿಕೊಂಡ ಚಿತ್ರ ಆಗ ಪತ್ರಿಕೆಗಳಲ್ಲಿ ಬಂದಿತ್ತು. ಅದೇ ವರ್ಷ ಎಲ್ಲ ಪ್ರಾಣಿಗಳನ್ನೂ ಡಿಸೆಂಬರ್ 31ಕ್ಕೆ ನಿಲ್ಲಿಸುತ್ತೇವೆ ಎಂದು ಕಂಪನಿ ಸಾರಿತು, ಆಮೇಲೆ ಜನಮತ ಕೇಳಿ ಮುಂದುವರಿಸಿತು. ನಿಂತದ್ದು ಸಟ್ಟಾ ಮಾತ್ರ. ನಿಮ್ಮ ಎರಡು ಚೀಲಗಳಲ್ಲಿ ಇವೇ ಇದ್ದರೆ, ಆನ್‌ಲೈನಿನಲ್ಲಿ ಲಕ್ಷಗಟ್ಟಲೆ ಕೇಳುತ್ತಿರುವುದನ್ನು ಕಂಡು ಮೋಸಹೋಗಬೇಡಿ. ನಾನು ಹೇಳಿದ ‘ಮಾರಾಟವಾದವು’ ಪಟ್ಟಿಯನ್ನು ನೋಡಿ.

ಸೀಲು ಒಡೆಯದ ಗೊಂಬೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪೆಟ್ಟಿಗೆಯಲ್ಲೇ ಇಡುವಂಥ ವಿನೈಲ್ ಗೊಂಬೆಗಳಿಗೆ ಹೆಸರಾದ ಫಂಕೊ ಕಂಪನಿ 2023ರಲ್ಲಿ, ಉಳಿದುಹೋದ 3ರಿಂದ 3.6 ಕೋಟಿ ಡಾಲರ್ ಮೌಲ್ಯದ ದಾಸ್ತಾನನ್ನು ನಾಶಪಡಿಸುವುದಾಗಿ ತಿಳಿಸಿತು. ಗೋದಾಮಿನಲ್ಲಿಡುವ ಖರ್ಚೇ ಭಾರವಾಗಿತ್ತು. ಮಾಡಿದವರೇ ಇಟ್ಟುಕೊಳ್ಳಲಾರದ್ದನ್ನು ನಾವು ಬೀರುವಿನಲ್ಲಿ ಜೋಪಾನ ಮಾಡುತ್ತಿದ್ದೇವೆ.

ಹಾಗಾದರೆ ಕಾರ್ಖಾನೆಯಲ್ಲಿ ತಯಾರಾದ ಯಾವುದಕ್ಕೂ ಬೆಲೆ ಬರುವುದೇ ಇಲ್ಲವೇ? ಬರುತ್ತದೆ. ಇದನ್ನು ಮುಚ್ಚಿಟ್ಟರೆ ನಾನೂ ಆ ಕಂಪನಿಯವರಂತೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಲೆಗೊ ಆಟಿಕೆಗಳ ಬಗ್ಗೆ ಒಂದು ಅಧ್ಯಯನ ನಡೆದಿದೆ. 1987ರಿಂದ 2015ರವರೆಗಿನ, ತಯಾರಿಕೆ ನಿಂತ, ಬಿಚ್ಚದ ಎರಡು ಸಾವಿರಕ್ಕೂ ಹೆಚ್ಚು ಸೆಟ್ಟುಗಳ ಬೆಲೆಯನ್ನು ಸಂಶೋಧಕರು ಪರಿಶೀಲಿಸಿದರು. ಸರಾಸರಿ ಏರಿಕೆ ವರ್ಷಕ್ಕೆ ಶೇ. 11ರ ಆಸುಪಾಸು. ಅಚ್ಚರಿಯ ಅಂಕಿ ಇದು, ಆದರೆ ಕಾರಣ ನೋಡಿದರೆ ಅಚ್ಚರಿ ಕಡಿಮೆಯಾಗುತ್ತದೆ. ಲೆಗೊ ತಯಾರಾಗುವುದು ಆಡುವುದಕ್ಕೆ. ಮಕ್ಕಳು ಪೆಟ್ಟಿಗೆ ಹರಿಯುತ್ತಾರೆ, ತುಣುಕುಗಳನ್ನು ಕಳೆಯುತ್ತಾರೆ. ಅದೇ ಮಕ್ಕಳು ದೊಡ್ಡವರಾಗಿ ಸಂಬಳ ಬಂದಾಗ ತಮ್ಮ ಬಾಲ್ಯದ ಸೆಟ್ಟನ್ನು ಹುಡುಕುತ್ತಾರೆ. ಹಾಳಾಗುವಿಕೆ, ಹಂಬಲ ಎರಡೂ ಅಲ್ಲಿ ಇವೆ. ಆ ಸರಾಸರಿಯ ಒಳಗೇ ಬೆಲೆ ಕಳೆದುಕೊಂಡ ಸೆಟ್ಟುಗಳೂ ಇದ್ದವು. ಅದೂ ಅಲ್ಲದೆ, ಈ ಅಧ್ಯಯನದ ಸುದ್ದಿ ಓದಿ ಈಗ ಬಿಚ್ಚದ ಸೆಟ್ಟುಗಳನ್ನು ಅಟ್ಟದಲ್ಲಿ ಪೇರಿಸುತ್ತಿರುವವರ ಸಂಖ್ಯೆ ಎಷ್ಟೋ! ಇಪ್ಪತ್ತು ವರ್ಷದ ನಂತರ ಆ ಸರಾಸರಿ ಹಾಗೆಯೇ ಇರುತ್ತದೆಂದು ನಾನು ಪಣ ಕಟ್ಟಲಾರೆ.

ನನಗೆ ಇನ್ನೂ ಇಷ್ಟವಾದ ಅಪವಾದ ಭೂತಾನಿನದು. 1972ರಲ್ಲಿ ಅದು ಗ್ರಾಮೊಫೋನ್ ತಟ್ಟೆಯ ರೂಪದ ಅಂಚೆಚೀಟಿಗಳನ್ನು ಹೊರಡಿಸಿತು. ರೆಕಾರ್ಡ್ ಪ್ಲೇಯರಿನಲ್ಲಿಟ್ಟರೆ ಭೂತಾನಿನ ಹಾಡುಗಳು, ಆ ದೇಶದ ಇತಿಹಾಸ ಕೇಳುತ್ತವೆ. ಗಂಭೀರ ಸಂಗ್ರಾಹಕರು ಇದೊಂದು ಹಣ ಮಾಡುವ ತಂತ್ರ ಎಂದು ಮೂಗು ಮುರಿದರು. ಅದು ತಂತ್ರವೇ ಆಗಿತ್ತು, ಸಂದೇಹವಿಲ್ಲ. ಅವರು ಕೊಳ್ಳದೆ ಬಿಟ್ಟರು. ಮುಂದೆ ಹಳೆಯ ವಿನೈಲ್ ರೆಕಾರ್ಡುಗಳನ್ನು ಹುಡುಕುವ, ಅಂಚೆಚೀಟಿಯ ಗಂಧಗಾಳಿಯೇ ಇಲ್ಲದ ಬೇರೊಂದು ಬಳಗ ಅವುಗಳ ಹಿಂದೆ ಬಿತ್ತು. ಇಂದು ಅವು ಮೂಲ ಬೆಲೆಯ ಹಲವು ಪಟ್ಟು ಬಾಳುತ್ತವೆ. ಇದನ್ನು 1972ರಲ್ಲಿ ಯಾರೂ ಲೆಕ್ಕ ಹಾಕಿ ಹೇಳಲಾಗುತ್ತಿರಲಿಲ್ಲ. ಬೆಲೆ ಬರುವ ಮೊದಲೇ ಇದಕ್ಕೆ ಬೆಲೆ ಬರುತ್ತದೆ ಎಂದು ಪ್ರಮಾಣಪತ್ರ ಬರೆದುಕೊಡುವುದು ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತೆ. ಇಲ್ಲಿ ಕುಲಾವಿಯನ್ನೂ ನಮಗೇ ಮಾರುತ್ತಾರೆ ಎನ್ನುವುದೊಂದು ವಿಶೇಷ.

ಬೆಲೆ ಏರಿದರೂ ಲಾಭ ಬರುತ್ತದೆಯೇ ಎಂಬುದು ಬೇರೆ ಲೆಕ್ಕ. ನಿಮ್ಮ ತಂದೆ ಒಂದು ತಟ್ಟೆಯನ್ನು ನೂರಕ್ಕೆ ಕೊಂಡರು ಎನ್ನಿ. ವರ್ಷಕ್ಕೆ ಶೇ. 5ರ ಹಣದುಬ್ಬರವಿದ್ದರೆ ಇಪ್ಪತ್ತು ವರ್ಷಕ್ಕೆ ಆ ನೂರು 265 ಆಗಬೇಕು, ಆಗ ನಿಂತಲ್ಲೇ ನಿಂತಂತೆ. ಹರಾಜು ಸಂಸ್ಥೆ ಮಾರುವವರಿಂದ ಶೇ. 15 ಹಿಡಿದುಕೊಂಡರೆ, ಕೈಗೆ 265 ಬರಲು ಸುತ್ತಿಗೆ ಬೀಳಬೇಕಾದದ್ದು 312ಕ್ಕೆ. ಕೊಳ್ಳುವವರ ಮೇಲೆ ಶೇ. 25ರ ಶುಲ್ಕವಿದ್ದರೆ ಅವರ ಜೇಬಿನಿಂದ ಹೋಗುವುದು 390. ಅಂದರೆ ತಟ್ಟೆಗೆ ಯಾರೋ ಒಬ್ಬರು ನಾಲ್ಕು ಪಟ್ಟಿನ ಹತ್ತಿರ ಕೊಟ್ಟರೂ ನಿಮ್ಮ ತಂದೆಗೆ ಲಾಭ ಸೊನ್ನೆ. ಈ ನಡುವೆ ತಟ್ಟೆ ಬಡ್ಡಿ ಕೊಡಲಿಲ್ಲ, ಬಾಡಿಗೆ ಕೊಡಲಿಲ್ಲ, ಜಾಗ ಮಾತ್ರ ತಿಂದಿತು. ನಾನು ಕಂಡ ಮಟ್ಟಿಗೆ ಇಂಥ ತಟ್ಟೆಗಳು ನಾಲ್ಕು ಪಟ್ಟು ಇರಲಿ, ಕೊಂಡ ಬೆಲೆಯ ಕಾಲು ಭಾಗ ತಂದರೂ ಆ ದಿನ ಹರಾಜಿನವನ ಮುಖ ಅರಳಿರುತ್ತದೆ.

ಈಗ ನಿಮ್ಮ ಕೈಯಲ್ಲಿರುವುದನ್ನು ಏನು ಮಾಡಬಹುದು ಎಂಬುದಕ್ಕೆ ಬರೋಣ. ಮೊದಲು ಪದಕಗಳ ಪೆಟ್ಟಿಗೆ ತೆಗೆಯಿರಿ. ಇಡೀ ಸಂಗ್ರಹದಲ್ಲಿ ಗಟ್ಟಿ ಬೆಲೆ ಇರುವ ಸಾಧ್ಯತೆ ಅದಕ್ಕೇ ಹೆಚ್ಚು. ಆ ಬೆಲೆ ಚಿತ್ರಕ್ಕಲ್ಲ, ಲೋಹಕ್ಕೆ. ಅಂಚಿನಲ್ಲಿ 925 ಎಂದೋ ‘ಸ್ಟರ್ಲಿಂಗ್’ ಎಂದೋ ಇದ್ದರೆ ಅದರಲ್ಲಿ ಶೇ. 92.5 ಬೆಳ್ಳಿ ಇರುತ್ತದೆ. 999 ಇದ್ದರೆ ಅಚ್ಚ ಬೆಳ್ಳಿ. ‘ಬೆಳ್ಳಿ ಲೇಪಿತ’ ಎಂದು ಪ್ರಮಾಣಪತ್ರದ ಮೂಲೆಯಲ್ಲಿ ಸಣ್ಣಕ್ಷರದಲ್ಲಿದ್ದರೆ ಅದರಿಂದ ಹೆಚ್ಚು ನಿರೀಕ್ಷಿಸಬೇಡಿ. ಬೆಳ್ಳಿಯೇ ಆಗಿದ್ದರೆ ಒಟ್ಟು ತೂಕವನ್ನು 925ಕ್ಕೆ 0.925ರಿಂದ, 999ಕ್ಕೆ 0.999ರಿಂದ ಗುಣಿಸಿ, ಆ ದಿನದ ಬೆಳ್ಳಿಯ ದರ ಹಾಕಿ. ಅದು ಕರಗಿಸುವ ಬೆಲೆ. ಕೊಳ್ಳುವವರು ಅದಕ್ಕಿಂತ ಸ್ವಲ್ಪ ಕಡಿಮೆ ಕೊಡುತ್ತಾರೆ. 1980ರ ಜನವರಿಯಲ್ಲಿ ಬೆಳ್ಳಿ ಔನ್ಸಿಗೆ 50 ಡಾಲರಿನ ಹತ್ತಿರ ಹೋದಾಗ ಅಮೆರಿಕದಲ್ಲಿ ಇಂಥ ಪದಕಗಳ ಮಾಲೆಗಳು ರಾಶಿರಾಶಿಯಾಗಿ ಕುಲುಮೆಗೆ ಹೋದವು. ಸಂಗ್ರಾಹಕರು ಕೊಡುವುದಕ್ಕಿಂತ ಅಕ್ಕಸಾಲಿಗರು ಹೆಚ್ಚು ಕೊಡುತ್ತಿದ್ದರು. ಒಂದು ಎಚ್ಚರಿಕೆ: ಕಪ್ಪಾಗಿದೆ ಎಂದು ಪದಕಗಳನ್ನು ತಿಕ್ಕಿ ತೊಳೆಯಬೇಡಿ. ಐವತ್ತರಲ್ಲಿ ಒಂದಕ್ಕೆ ಸಂಗ್ರಾಹಕರ ಆಸಕ್ತಿ ಇದ್ದರೆ, ತಿಕ್ಕಿದ ಗೆರೆ ಅದನ್ನೂ ಕೊಂದುಬಿಡುತ್ತದೆ.

ಕಾಮಿಕ್ಸ್ ಟ್ರಂಕನ್ನು ಒಟ್ಟಾಗಿ ಯಾರಿಗೂ ಕೊಡುವ ಮೊದಲು ಒಮ್ಮೆ ಬಲ್ಲವರಿಗೆ ತೋರಿಸಿ. ತೊಂಬತ್ತರ ದಶಕದ್ದು ಮಾತ್ರ ಇದ್ದರೆ ಬೇಗ ಮುಗಿಯುತ್ತದೆ. ಎಪ್ಪತ್ತರ ದಶಕಕ್ಕಿಂತ ಹಿಂದಿನದು ಅಡಿಯಲ್ಲಿ ಸೇರಿಕೊಂಡಿದ್ದರೆ ಅದು ಬೇರೆ ಮಾತು. ಪಾರದರ್ಶಕ ಡಬ್ಬಿಯಲ್ಲಿ ಸೀಲು ಮಾಡಿ ದರ್ಜೆ ಕೊಡುವ ಸಂಸ್ಥೆಗಳಿಗೆ ಎಲ್ಲವನ್ನೂ ಕಳಿಸುವ ಉತ್ಸಾಹ ಬೇಡ. ಹತ್ತಕ್ಕೆ ಮಾರಾಟವಾಗುವ ವಸ್ತುವಿಗೆ ಇಪ್ಪತ್ತೈದು ಶುಲ್ಕ ಕಟ್ಟಿದವರನ್ನು ನೋಡಿದ್ದೇನೆ.

ಉಳಿದದ್ದಕ್ಕೆ ಹಲವು ದಾರಿಗಳಿವೆ, ಪ್ರತಿಯೊಂದರಲ್ಲೂ ಒಂದು ಮುಳ್ಳಿದೆ. ವ್ಯಾಪಾರಿಗೆ ಒಟ್ಟಾಗಿ ಕೊಟ್ಟರೆ ಒಂದೇ ದಿನದಲ್ಲಿ ಮುಗಿಯುತ್ತದೆ. ಅವನು ತಾನು ಮಾರಬಹುದಾದ ಬೆಲೆಯ ಅರ್ಧಕ್ಕಿಂತ ಕಡಿಮೆಯನ್ನೇ ಕೊಡುತ್ತಾನೆ, ಕೊಡಲೇಬೇಕು, ಅವನಿಗೂ ವರ್ಷಗಟ್ಟಲೆ ಇಟ್ಟುಕೊಳ್ಳುವ ಕಷ್ಟವಿದೆ. ಹರಾಜಿಗೆ ಹಾಕಿದರೆ ತಟ್ಟೆಗಳನ್ನು ಹತ್ತಿಪ್ಪತ್ತರ ಗುಂಪಾಗಿ ಮಾರುತ್ತಾರೆ, ಕನಿಷ್ಠ ಬೆಲೆ ಇಡದಿದ್ದರೆ ಅವು ನೀರಿನ ಬೆಲೆಗೆ ಹೋಗಬಹುದು. ಒಂದೊಂದಾಗಿ ನೀವೇ ಆನ್‌ಲೈನಿನಲ್ಲಿ ಮಾರಿದರೆ ಹೆಚ್ಚು ಸಿಗುತ್ತದೆ. ಆದರೆ 33 ಸಲ ಚಿತ್ರ ತೆಗೆದು, 33 ಸಲ ಪಿಂಗಾಣಿಯನ್ನು ಒಡೆಯದಂತೆ ಕಟ್ಟಿ, ಒಡೆದು ತಲುಪಿದ ಎರಡಕ್ಕೆ ಹಣ ಹಿಂತಿರುಗಿಸಿದ ಮೇಲೆ ನಿಮ್ಮ ಗಂಟೆಗೆ ಎಷ್ಟು ಬಿತ್ತು ಎಂದು ಲೆಕ್ಕ ಹಾಕಬೇಡಿ, ಬೇಸರವಾಗುತ್ತದೆ. ಬಟ್ಟೆಯ ಪ್ರಾಣಿಗಳನ್ನು ಮಕ್ಕಳಿಗೆ ಕೊಟ್ಟುಬಿಡಿ ಎನ್ನುವುದೇ ನನ್ನ ಸಲಹೆ.

ಈಗ ಪಾಲಿನ ವಿಚಾರ. ಬೆಲೆ ಕಟ್ಟುವವರೊಬ್ಬರನ್ನು ನೀವೂ ತಮ್ಮನೂ ಸೇರಿ ನೇಮಿಸಿ, ಶುಲ್ಕವನ್ನು ಇಬ್ಬರೂ ಹಂಚಿಕೊಳ್ಳಿ. ಶುಲ್ಕ ನಿಗದಿತವಾಗಿರಬೇಕು, ಮೌಲ್ಯದ ಶೇಕಡಾವಾರು ಇರಬಾರದು. ಬೆಲೆ ಕಟ್ಟಿದವರೇ ಕೊಳ್ಳಲು ಮುಂದೆ ಬಂದರೆ ಬೇರೆಯವರನ್ನು ಹುಡುಕಿ. ಅದೂ ಬೇಡವೆನಿಸಿದರೆ ಇನ್ನೂ ಸರಳವಾದ ದಾರಿಯಿದೆ: ಠೇವಣಿಯನ್ನು ಅರ್ಧರ್ಧ ಮಾಡಿ, ವಸ್ತುಗಳನ್ನೂ ಅರ್ಧರ್ಧ ಮಾಡಿ. ಬೆಲೆಯ ಪ್ರಶ್ನೆಯೇ ಏಳುವುದಿಲ್ಲ. ತಮ್ಮನಿಗೆ ಇದನ್ನು ಹೇಳುವುದು ಕಷ್ಟವೆನಿಸಿದರೆ ಒಂದೇ ಮಾತು ಕೇಳಿ ನೋಡಿ. ‘ನೋಟ್‌ಬುಕ್ಕಿನ ಬೆಲೆಗೇ ಸಂಗ್ರಹ ನೀನು ಇಟ್ಟುಕೊಳ್ಳುತ್ತೀಯಾ?’ ಒಪ್ಪಿದರೆ ಸಂತೋಷ. ಒಪ್ಪದಿದ್ದರೆ ಅವನಿಗೂ ವಿಷಯ ಅರ್ಥವಾಗಿದೆ ಎಂದು ತಿಳಿಯಿರಿ.

ಅಪ್ಪ ಮೋಸಹೋದರೇ? ಕಂಪನಿ ಅವರಿಗೆ ತಟ್ಟೆ ಮಾರಿತು, ತಟ್ಟೆ ಬಂತು. ಅಷ್ಟರ ಮಟ್ಟಿಗೆ ಮೋಸವಿಲ್ಲ. ‘ಹೂಡಿಕೆ’ ಎಂಬ ಪದವನ್ನು ಜೊತೆಗೆ ಸುತ್ತಿ ಕೊಟ್ಟದ್ದು ಮೋಸಕ್ಕೆ ತೀರ ಹತ್ತಿರದ್ದು. ಅಂಕಿಗಳನ್ನು ಅವರು ನಂಬಿದ್ದರಲ್ಲಿ ವಿಶೇಷವೇನೂ ಇಲ್ಲ. ಡೇನಿಯಲ್ ಕಾನಮನ್, ಜಾಕ್ ನೆಟ್ಶ್, ರಿಚರ್ಡ್ ಥೇಲರ್ ಎಂಬ ವಿದ್ವಾಂಸರು 1990ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಅರ್ಧ ಜನರಿಗೆ ಸಾಧಾರಣ ಕಾಫಿ ಲೋಟಗಳನ್ನು ಕೊಟ್ಟು, ಉಳಿದವರಿಗೆ ಮಾರಿ ಎಂದರು. ಲೋಟ ಕೈಗೆ ಬಂದು ಕೆಲವೇ ನಿಮಿಷವಾಗಿದ್ದವರು ಕೇಳಿದ ಬೆಲೆ, ಕೊಳ್ಳುವವರು ಕೊಡಲು ಒಪ್ಪಿದ್ದರ ಎರಡು ಪಟ್ಟಿನಷ್ಟಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಮ್ಮವರು ಹೇಳಿದ್ದನ್ನೇ ಅವರು ಲೋಟದಲ್ಲಿ ಅಳೆದರು. ಕೆಲವು ನಿಮಿಷಕ್ಕೆ ಎರಡು ಪಟ್ಟಾದರೆ, ಇಪ್ಪತ್ತು ವರ್ಷ ಒರೆಸಿ ಇಟ್ಟವರಿಗೆ ಎಷ್ಟಾಗಬೇಡ? ಆ ಇಪ್ಪತ್ತು ವರ್ಷ ಪ್ರತಿ ತಿಂಗಳೂ ಒಂದು ಪೆಟ್ಟಿಗೆ ಬಿಚ್ಚುವ ಸಂತೋಷ ಅವರಿಗೆ ಸಿಕ್ಕಿದ್ದರೆ, ಕೊಟ್ಟ ಹಣದಲ್ಲಿ ಒಂದು ಪಾಲು ಅದಕ್ಕೆ ಸಂದಿದೆ. ಪಾಲುಪಟ್ಟಿಯಲ್ಲಿ ಅದು ಕಾಣುವುದಿಲ್ಲ, ಅಷ್ಟೇ.

ಕೊನೆಯದಾಗಿ ಆ ಮೂರು ತಟ್ಟೆ. ಪೂರ್ತಿ ಮಾಲೆಗೆ ಬಿಡಿ ತಟ್ಟೆಗಿಂತ ಸ್ವಲ್ಪ ಹೆಚ್ಚು ಬೆಲೆ ಬರುವುದುಂಟು, ದುಪ್ಪಟ್ಟು ಬಂದದ್ದನ್ನು ನಾನು ಕಂಡಿಲ್ಲ. ಇಂಥ ಯಾವ ವಸ್ತುವನ್ನಾದರೂ ಹೊಸದಾಗಿ ಕೊಳ್ಳುವ ಮೊದಲು ಮಾಡಬಹುದಾದ ಪರೀಕ್ಷೆ ಒಂದಿದೆ: ಅದೇ ಕಂಪನಿ ಹತ್ತು ವರ್ಷದ ಹಿಂದೆ ಇದೇ ಮಾತು ಹೇಳಿ ಮಾರಿದ ವಸ್ತು ಇಂದು ಎಷ್ಟಕ್ಕೆ ಮಾರಾಟವಾಗುತ್ತಿದೆ ನೋಡಿ. ನಿಮಗೆ ಆ ಹಳೆಯ ವಸ್ತು ಗೋಡೆಯ ಮೇಲೆಯೇ ಇದೆ. ಹೂಡಿಕೆಯೆಂದು ಮುಂದುವರಿಸುವ ಪ್ರಶ್ನೆಗೂ ಉತ್ತರ ಅಲ್ಲೇ ಸಿಗುತ್ತದೆ. ಅಪ್ಪ ಆರಂಭಿಸಿದ್ದನ್ನು ಪೂರ್ತಿ ಮಾಡುವ ಆಸೆ ನಿಮಗೇ ಇದ್ದರೆ ಮಾಡಿ, ತಪ್ಪೇನಿಲ್ಲ. ಕಂಪನಿಯಿಂದ ಕೊಳ್ಳಬೇಡಿ. ಬೇರೊಂದು ಮನೆಯ ಮಕ್ಕಳು ಅದೇ ಮೂರನ್ನು ಈಗಾಗಲೇ ಆನ್‌ಲೈನಿನಲ್ಲಿ ಹಾಕಿರುತ್ತಾರೆ, ಪೆಟ್ಟಿಗೆ, ಪ್ರಮಾಣಪತ್ರ ಸಮೇತ, ಹೊಸದರ ಬೆಲೆಯ ಒಂದು ತುಣುಕಿಗೆ. ಜೊತೆಗೆ, ತಂದೆಯವರ ಹೆಸರಿನಲ್ಲಿ ಕಂತು ಇನ್ನೂ ಕಡಿತವಾಗುತ್ತಿದೆಯೇ ಎಂದು ಈ ವಾರವೇ ಬ್ಯಾಂಕಿನಲ್ಲಿ ವಿಚಾರಿಸಿ. ಆಗುತ್ತಿದ್ದರೆ ಅವರು ತೀರಿಕೊಂಡ ದಿನಾಂಕವನ್ನು ನಮೂದಿಸಿ, ಸದಸ್ಯತ್ವ ರದ್ದುಪಡಿಸುವಂತೆ ಕಂಪನಿಗೆ ಲಿಖಿತವಾಗಿ ತಿಳಿಸಿ, ಪ್ರತಿಯನ್ನು ಇಟ್ಟುಕೊಳ್ಳಿ. ಫೋನಿನಲ್ಲಿ ಹೇಳಿದ್ದು ಅವರ ಕಡತಕ್ಕೆ ಸೇರುವುದು ನಿಧಾನ.